ಬೇಸ್ ಪ್ಲೇಟಿಗೆ ಕೂರುವ ಪೈಪಿನ ಸುತ್ತ ವೆಲ್ಡ್ ಬೀಡ್: ಮಾಡೆಲ್‌ನಲ್ಲಿ ಸರಿಯಾಗಿ ತೋರಿಸುವುದು ಹೇಗೆ?

ತುಮಕೂರು_ಡ್ರಾಫ್ಟಿಂಗ್

ಎಲ್ಲರಿಗೂ ನಮಸ್ಕಾರ. ಕೆಲಸ ಇಷ್ಟು: 100 ಎನ್‌ಬಿ (ಪೈಪಿನ ನಾಮಮಾತ್ರ ಅಳತೆ) ಹೆವಿ (ದಪ್ಪ ಗೋಡೆಯ) ಪೈಪ್, ಹೊರವ್ಯಾಸ 114.3 ಮಿ.ಮೀ., ದಪ್ಪ 5.4. ಅದು 200 × 200 × 12 ಬೇಸ್ ಪ್ಲೇಟಿನ ನಟ್ಟನಡುವೆ ನೆಟ್ಟಗೆ ನಿಲ್ಲುತ್ತದೆ. ಹೊರಗಡೆ ಸುತ್ತಲೂ 5 ಮಿ.ಮೀ. ಫಿಲೆಟ್ ವೆಲ್ಡ್ (ಮೂಲೆಯಲ್ಲಿ ತುಂಬುವ ತ್ರಿಕೋನದ ವೆಲ್ಡ್). ಸಾಫ್ಟ್‌ವೇರ್ ಫ್ರೀಕ್ಯಾಡ್ 1.0.

ಪೈಪು ಪ್ಲೇಟು ಎರಡನ್ನೂ ಫ್ಯೂಸ್ ಮಾಡಿ, ಮೂಲೆಯ ಅಂಚಿಗೆ 5ರ ಫಿಲೆಟ್ ಕೊಟ್ಟರೆ ನೋಡಲು ವೆಲ್ಡ್ ಥರಾನೇ ಕಾಣುತ್ತದೆ. ಆದರೆ ಸೆಕ್ಷನ್ ವ್ಯೂನಲ್ಲಿ ಪೈಪು, ಪ್ಲೇಟು, ವೆಲ್ಡು ಮೂರೂ ಒಂದೇ ಹ್ಯಾಚ್ ಆಗಿ ಬರುತ್ತವೆ. ನನಗೆ ಬೀಡ್ ಬೇರೆಯಾಗಿ ಕಾಣಬೇಕು, ಅದರ ತೂಕವೂ ಸಿಗಬೇಕು. ಇದರ ಜೊತೆಗೆ ಇದೇ ಪೈಪು 60 ಡಿಗ್ರಿ ಓರೆಯಾಗಿ ಕೂರುವ ಇನ್ನೊಂದು ಸ್ಟ್ಯಾಂಡ್ ಇದೆ. ಅದಕ್ಕೂ ನಡೆಯುವ ದಾರಿ ಇದ್ದರೆ ದಯವಿಟ್ಟು ಹೇಳಿ.

ಪೀಣ್ಯ_ಫ್ಯಾಬ್

ಸರ್, ಮೊದಲು ಆ 5ರ ಫಿಲೆಟ್ ತೆಗೆದುಹಾಕಿ. ಹ್ಯಾಚ್ ತೊಂದರೆ ಚಿಕ್ಕದು, ಆಕಾರವೇ ತಪ್ಪು ಅನ್ನುವುದು ದೊಡ್ಡದು. ಕ್ಯಾಡ್‌ನ ಫಿಲೆಟ್ ಒಳಕ್ಕೆ ಬಾಗಿದ ಕಮಾನು. ಲೆಗ್ (ಮೂಲೆಯಿಂದ ಬೀಡಿನ ಅಂಚಿನವರೆಗಿನ ಅಳತೆ) ಎರಡೂ ಕಡೆ 5 ಮಿ.ಮೀ. ಇರುತ್ತದೆ ನಿಜ, ಆದರೆ ಮೂಲೆಯಿಂದ ಮುಖದವರೆಗಿನ ಥ್ರೋಟ್ ಬರೀ 2.07 ಮಿ.ಮೀ. 5 ಲೆಗ್ಗಿನ ಚಪ್ಪಟೆ ಮುಖದ ವೆಲ್ಡಿನ ಥ್ರೋಟ್ 3.54. ಅಡ್ಡಕೊಯ್ತದ ವಿಸ್ತೀರ್ಣ ತೆಗೆದುಕೊಂಡರೂ ಕಮಾನಿನದು 5.37 ಚದರ ಮಿ.ಮೀ., ತ್ರಿಕೋನದ್ದು 12.5. ಅರ್ಧಕ್ಕಿಂತಲೂ ಕಡಿಮೆ ಲೋಹವನ್ನು ವೆಲ್ಡ್ ಅಂತ ತೋರಿಸಿದ ಹಾಗಾಗುತ್ತದೆ.

ನೆಟ್ಟಗೆ ನಿಂತ ಪೈಪಿಗೆ ರೆವಾಲ್ವ್‌ಗಿಂತ ಸುಲಭದ ದಾರಿ ಇಲ್ಲ. ಪಾರ್ಟ್ ಡಿಸೈನ್‌ನಲ್ಲಿ ಬೀಡಿಗೆಂದೇ ಹೊಸ ಬಾಡಿ ತೆರೆಯಿರಿ. ಪೈಪಿನ ಬಾಡಿಯೊಳಗೇ ಮಾಡಬೇಡಿ, ಅಲ್ಲಿ ಮಾಡಿದರೆ ಮತ್ತೆ ಒಂದೇ ಸಾಲಿಡ್ ಆಗಿ ಕೂಡಿಕೊಳ್ಳುತ್ತದೆ. ಪ್ಲೇಟಿನ ತಳ ಸೊನ್ನೆ ಎತ್ತರದಲ್ಲಿದೆ, ಪೈಪಿನ ಅಕ್ಷವೇ ಝಡ್ ಅಕ್ಷ ಅಂದುಕೊಳ್ಳೋಣ. ಎಕ್ಸ್-ಝಡ್ ಪ್ಲೇನಿನಲ್ಲಿ ಸ್ಕೆಚ್ ತೆರೆದು ಲಂಬಕೋನ ತ್ರಿಕೋನ ಬರೆಯಿರಿ. ಮೂರು ಮೂಲೆಗಳು: ಅಕ್ಷದಿಂದ 57.15 ದೂರ, 12 ಎತ್ತರ; 62.15 ದೂರ, 12 ಎತ್ತರ; 57.15 ದೂರ, 17 ಎತ್ತರ. ಸ್ಕೆಚ್ಚಿನ ನಿಂತ ಅಕ್ಷದ ಸುತ್ತ 360 ಡಿಗ್ರಿ ರೆವಲ್ಯೂಷನ್ ಕೊಟ್ಟರೆ ಬೀಡ್ ರೆಡಿ.

ಅಳತೆಗಳನ್ನು ನೇರವಾಗಿ ಸ್ಕೆಚ್ಚಿಗೆ ಬರೆಯುವ ಬದಲು ಸ್ಪ್ರೆಡ್‌ಶೀಟ್ ಹಾಕಿ, ಪೈಪಿನ ಹೊರವ್ಯಾಸ, ಪ್ಲೇಟ್ ದಪ್ಪ, ಲೆಗ್ ಮೂರಕ್ಕೂ ಸೆಲ್‌ಗಳಲ್ಲಿ ಹೆಸರು ಕೊಟ್ಟು ಅಲ್ಲಿಂದ ಎಳೆಯಿರಿ. ನಾಳೆ 80 ಎನ್‌ಬಿ ಪೈಪ್ ಬಂದರೆ 114.3 ಇದ್ದ ಕಡೆ 88.9 ಹಾಕಿದರೆ ಸಾಕು. ಪೈಪಿನ ಮುಖವನ್ನು ಹೊರಗಿನ ರೆಫರೆನ್ಸ್ ಆಗಿ ಸ್ಕೆಚ್ಚಿಗೆ ಎಳೆದುಕೊಳ್ಳುವುದಕ್ಕಿಂತ ಇದು ಗಟ್ಟಿ. ಮೇಲಿನ ಫೀಚರ್ ಬದಲಾದಾಗ ಮುಖದ ಹೆಸರು ಬದಲಾಗಿ ಸ್ಕೆಚ್ ಮುರಿಯುವ ಕಾಟ ಇರುವುದಿಲ್ಲ.

ಟೆಕ್‌ಡ್ರಾನಲ್ಲಿ (ಫ್ರೀಕ್ಯಾಡ್‌ನ ಡ್ರಾಯಿಂಗ್ ಭಾಗ) ಸೆಕ್ಷನ್ ವ್ಯೂಗೆ ಮೂರೂ ಬಾಡಿಗಳನ್ನು ಕೊಡಿ. ಬೀಡಿನ ತ್ರಿಕೋನ ಬೇರೆ ಮುಖವಾಗಿಯೇ ಬರುತ್ತದೆ. ಅದನ್ನು ಆಯ್ದು ಬೇರೆ ಹ್ಯಾಚ್ ಹಾಕಿ, ಇಲ್ಲವೇ ಪೂರ್ತಿ ಕಪ್ಪು ತುಂಬಿ. ಶಾಪಿನಲ್ಲಿ ಓದುವವರಿಗೆ ಕಪ್ಪು ತ್ರಿಕೋನ ಕಂಡರೆ ವೆಲ್ಡ್ ಅಂತ ಹೇಳಿಕೊಡಬೇಕಾಗಿಲ್ಲ.

ಹುಬ್ಬಳ್ಳಿ_ಎಸ್ಟಿಮೇಟ್

ತೂಕದ ಲೆಕ್ಕ ನಾ ಹೇಳ್ತೀನ್ರಿ. ತ್ರಿಕೋನದ ವಿಸ್ತೀರ್ಣಕ್ಕ ಪೈಪಿನ ಸುತ್ತಳತಿ ಗುಣಿಸಿದ್ರ ಕಡಿಮಿ ಬರ್ತದ, ಯಾಕಂದ್ರ ಬೀಡಿನ ಲೋಹ ಪೈಪಿನ ಮುಖದ ಮ್ಯಾಲಲ್ಲ, ಅದರ ಹೊರಗ ಇರ್ತದ. ತ್ರಿಕೋನದ ಗುರುತ್ವಕೇಂದ್ರ ಪೈಪಿನ ಮುಖದಿಂದ ಲೆಗ್ಗಿನ ಮೂರನೇ ಒಂದು ಪಾಲು ಹೊರಗ. ಹಂಗಾಗಿ ತ್ರಿಜ್ಯ 57.15 ಅಲ್ಲ, 58.82. ಸುತ್ತಳತಿ 369.6 ಮಿ.ಮೀ., ಅದಕ್ಕ 12.5 ಗುಣಿಸಿದ್ರ 4620 ಘನ ಮಿ.ಮೀ. ಉಕ್ಕಿಂದು 7.85 ಹಿಡದ್ರ 36.3 ಗ್ರಾಂ.

ಈ ದೊಡ್ಡ ಪೈಪಿಗೆ ವ್ಯತ್ಯಾಸ ಶೇ. 3 ಅಷ್ಟ. ಆದ್ರ 15 ಎನ್‌ಬಿ ಪೈಪು, ಹೊರವ್ಯಾಸ 21.3 ಇದ್ದದ್ದು ತಗೋರಿ: ಅದಕ್ಕೂ 5 ಲೆಗ್ ಹಾಕಿದ್ರ ಶೇ. 15.6 ವ್ಯತ್ಯಾಸ ಆಗ್ತದ. ಸಣ್ಣ ಪೈಪು ನೂರಾರು ಇದ್ದ ಹ್ಯಾಂಡ್‌ರೇಲ್ ಕೆಲಸಕ್ಕ ಇದು ಲೆಕ್ಕಕ್ಕ ಬರೋ ಮಾತು. ಮಾಡೆಲ್ ಮಾಡಿದ್ರ ಈ ತಾಪತ್ರಯ ಇಲ್ಲ. ಪೈಥಾನ್ ಕನ್ಸೋಲ್‌ನ್ಯಾಗ ಬಾಡಿಯ ಶೇಪಿಂದು ವಾಲ್ಯೂಮ್ ಕೇಳಿದ್ರ ಘನ ಮಿ.ಮೀ.ನ್ಯಾಗ ಬರ್ತದ, 4620ರ ಆಸುಪಾಸು ಬಂದ್ರ ಮಾಡೆಲ್ ಸರಿ ಅದ.

ಈಗ ಮುಖ್ಯ ಮಾತು. ವೆಲ್ಡರ್ ಹಾಕಿದ ಬೀಡು ಚಪ್ಪಟಿ ಇರಂಗಿಲ್ಲ, ಉಬ್ಬಿರ್ತದ. 5 ಲೆಗ್ಗಿನ ಬೀಡಿನ ಮುಖ 7.07 ಅಗಲ. ನಡುವ 1 ಮಿ.ಮೀ. ಉಬ್ಬಿದ್ರ 4.7 ಚದರ ಮಿ.ಮೀ. ಹೆಚ್ಚಿಗಿ. ಅಂದ್ರ ಶೇ. 38 ಲೋಹ ಹೆಚ್ಚು! 36 ಗ್ರಾಂ ಇದ್ದದ್ದು 50 ಗ್ರಾಂ. ಕಟ್ಟಿನ್ಯಾಗ ಬಂದ ಎಲೆಕ್ಟ್ರೋಡ್ ತೂಕದಾಗ ತುಂಡು, ಸ್ಲ್ಯಾಗು, ಸಿಡಿತ ಎಲ್ಲಾ ಕಳದು ಸುಮಾರು ಶೇ. 60-65 ಅಷ್ಟ ವೆಲ್ಡಿಗೆ ಕೂಡ್ತದ, ಹಂಗಾಗಿ ಒಂದು ಜಾಯಿಂಟಿಗೆ 80 ಗ್ರಾಂ ಎಲೆಕ್ಟ್ರೋಡ್ ಹಿಡೀರಿ. ಸಿಒ2 ವೈರಾದ್ರ ನಷ್ಟ ಭಾಳ ಕಡಿಮಿ. ಎಸ್ಟಿಮೇಟಿಗೆ ಮಾಡೆಲ್ ಬೇಕಾಗಿದ್ರ ತ್ರಿಕೋನದ ಓರೆ ಗೆರಿ ತಗದು, ಅಲ್ಲಿ ಮೂರು ಬಿಂದುವಿನ ಆರ್ಕ್ ಹಾಕಿ ಉಬ್ಬು 1 ಕೊಡ್ರಿ. ಡ್ರಾಯಿಂಗಿಗೆ ಮಾತ್ರ ಚಪ್ಪಟಿನ ಇರಲಿ.

ಶಿವಮೊಗ್ಗ_ಇನ್‌ಸ್ಪೆಕ್ಷನ್

ಮೇಲಿನವರು ಹೇಳಿದ 1 ಮಿ.ಮೀ. ಉಬ್ಬು ತಪಾಸಣೆಯಲ್ಲಿ ಪಾಸಾಗುವಂಥದ್ದೇ. ವೆಲ್ಡ್ ದೋಷಗಳ ಮಿತಿ ಹೇಳುವ ಐಎಸ್ಒ 5817ರ ಅತಿ ಬಿಗಿಯಾದ ಬಿ ದರ್ಜೆಯಲ್ಲೂ ಅನುಮತಿಸಿದ ಉಬ್ಬು 1 ಮಿ.ಮೀ. ಜೊತೆಗೆ ಮುಖದ ಅಗಲದ ಹತ್ತನೇ ಒಂದು ಪಾಲು. ಇಲ್ಲಿ 1.7 ಮಿ.ಮೀ. ಆಗುತ್ತದೆ.

5 ಲೆಗ್ ಸರಿಯೇ ಎಂದು ಯಾರೂ ನೋಡಿದ ಹಾಗಿಲ್ಲ. ಮಾಡೆಲ್ ಮಾಡುವ ಮೊದಲು ನೋಡಿಬಿಡೋಣ. ಉಕ್ಕಿನ ಕಟ್ಟಡಗಳ ಭಾರತೀಯ ಕೋಡ್ ಐಎಸ್ 800:2007ರ ಪ್ರಕಾರ ದಪ್ಪ ಭಾಗ 10ಕ್ಕಿಂತ ಹೆಚ್ಚು, 20ರವರೆಗೆ ಇದ್ದರೆ ಕನಿಷ್ಠ ಫಿಲೆಟ್ 5 ಮಿ.ಮೀ. ಇಲ್ಲಿ ಪ್ಲೇಟ್ 12, ಹಾಗಾಗಿ 4 ಹಾಕುವಂತಿಲ್ಲ. ದಪ್ಪ ಪ್ಲೇಟು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಸಣ್ಣ ಬೀಡು ಥಟ್ಟನೆ ತಣ್ಣಗಾಗಿ ಬಿರುಕು ಬಿಡುತ್ತದೆ ಅನ್ನುವುದೇ ಈ ಮಿತಿಯ ಕಾರಣ. ಮೇಲಿನ ಮಿತಿಯನ್ನೂ ನೋಡಿ: ಥ್ರೋಟ್ ಸಾಮಾನ್ಯವಾಗಿ ತೆಳು ಭಾಗದ ದಪ್ಪದ 0.7 ಪಾಲನ್ನು ಮೀರಬಾರದು. 5.4ರ 0.7 ಅಂದರೆ 3.78, ನಿಮ್ಮದು 3.5. ಎರಡರ ನಡುವೆ ಕೂರುತ್ತದೆ. ಇದೇ ಜಾಗಕ್ಕೆ 4.5 ದಪ್ಪದ ಮೀಡಿಯಂ ಪೈಪು ತಂದರೆ ಕನಿಷ್ಠ ವೆಲ್ಡ್ ಪೈಪಿನ ದಪ್ಪಕ್ಕೇ ಸಮ ಮಾಡಿ ಪ್ಲೇಟನ್ನು ಪ್ರೀಹೀಟ್ ಮಾಡಬೇಕಾಗುತ್ತದೆ. ಆದ್ದರಿಂದ ಪೈಪಿನ ಕ್ಲಾಸ್ ಅನ್ನು ಡ್ರಾಯಿಂಗಿನಲ್ಲಿ ಬರೆಯದೆ ಬಿಡಬೇಡಿ.

ವಿನ್ಯಾಸ_ಮೈಸೂರು

ಇಲ್ಲಿ ಸಾಲಿಡ್‌ವರ್ಕ್ಸ್, ಇನ್ವೆಂಟರ್ ಬಳಸುವವರೂ ಓದುತ್ತಿರುತ್ತಾರೆ, ಅವರಿಗಾಗಿ ಎರಡು ಮಾತು.

ಸಾಲಿಡ್‌ವರ್ಕ್ಸ್‌ನಲ್ಲಿ ವೆಲ್ಡ್ ಬೀಡ್ ಬೇರೆ, ಫಿಲೆಟ್ ಬೀಡ್ ಬೇರೆ. ವೆಲ್ಡ್ ಬೀಡ್ ಬರೀ ಚಿತ್ರ. ಜ್ಯಾಮಿತಿ ಹುಟ್ಟುವುದಿಲ್ಲ, ಫೈಲ್ ಭಾರವಾಗುವುದಿಲ್ಲ, ಉದ್ದ ಗೊತ್ತಿರುತ್ತದೆ, ಡ್ರಾಯಿಂಗಿಗೆ ಸಂಕೇತವನ್ನೂ ವೆಲ್ಡ್ ಟೇಬಲನ್ನೂ ಅದೇ ಎಳೆದುಕೊಡುತ್ತದೆ. ನೂರಾರು ಜಾಯಿಂಟ್ ಇರುವ ಫ್ರೇಮಿಗೆ ಇದೇ ಸರಿ. ಆದರೆ ಸಾಲಿಡ್ ಅಲ್ಲವಾದ್ದರಿಂದ ತೂಕಕ್ಕೆ ಸೇರುವುದಿಲ್ಲ, ಸ್ಟೆಪ್ ಫೈಲಿನಲ್ಲಿ ಹೊರಗೆ ಹೋಗುವುದಿಲ್ಲ, ಬೋಲ್ಟು ವಾಷರು ಬೀಡಿಗೆ ತಾಗುತ್ತದೆಯೇ ಅನ್ನುವ ಪರೀಕ್ಷೆಯಲ್ಲೂ ಸಿಕ್ಕುವುದಿಲ್ಲ. ಫಿಲೆಟ್ ಬೀಡ್ ನಿಜವಾದ ಸಾಲಿಡ್.

ಇನ್ವೆಂಟರ್‌ನಲ್ಲಿ ಅಸೆಂಬ್ಲಿಯನ್ನು ವೆಲ್ಡ್‌ಮೆಂಟ್ ಆಗಿ ಬದಲಿಸಿದರೆ ಪ್ರಿಪರೇಷನ್, ವೆಲ್ಡ್, ಮೆಷಿನಿಂಗ್ ಅಂತ ಮೂರು ಹಂತ ಬರುತ್ತದೆ. ಫಿಲೆಟ್ ವೆಲ್ಡಿಗೆ ಮೊದಲ ಮುಖ ಪೈಪಿನ ಹೊರಮೈ, ಎರಡನೆಯದು ಪ್ಲೇಟಿನ ಮೇಲ್ಮೈ. ಲೆಗ್ ಕೊಡಬಹುದು ಅಥವಾ ಥ್ರೋಟ್ ಕೊಡಬಹುದು. ಚಪ್ಪಟೆ, ಉಬ್ಬು, ತಗ್ಗು ಮೂರೂ ಇವೆ. ಕೆಲಸದ ಕ್ರಮವನ್ನೇ ಸಾಫ್ಟ್‌ವೇರ್ ಒಪ್ಪಿಕೊಂಡಿರುವುದು ಇದರ ದೊಡ್ಡ ಗುಣ. ವೆಲ್ಡ್ ಆದಮೇಲೆ ಪ್ಲೇಟಿನ ತಳ ಫೇಸ್ ಮಾಡುವುದಿದ್ದರೆ ಆ ಕಟ್ ಮೆಷಿನಿಂಗ್ ಹಂತದಲ್ಲೇ ಕೂರುತ್ತದೆ, ಬಿಡಿ ಪ್ಲೇಟಿನ ಡ್ರಾಯಿಂಗ್ ಕೆಡುವುದಿಲ್ಲ.

ವಾಷರ್ ಮಾತು ಬಂತಲ್ಲ, ಈ ಕೇಸಿನಲ್ಲೇ ನೋಡಿ. ಎಂ16 ಬೋಲ್ಟುಗಳನ್ನು ಪ್ಲೇಟಿನ ನಾಲ್ಕು ಬದಿಗಳ ಮಧ್ಯಕ್ಕೆ, 150 ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) ಮೇಲೆ ಇಟ್ಟರೆ ವಾಷರಿನ ವ್ಯಾಸ 30 ಆದ್ದರಿಂದ ಅದರ ಒಳಅಂಚು ಅಕ್ಷದಿಂದ 60 ಮಿ.ಮೀ.ಗೆ ಬರುತ್ತದೆ. ಬೀಡಿನ ಟೋ, ಅಂದರೆ ಹೊರ ಅಂಚು, 62.15ರಲ್ಲಿದೆ. ವಾಷರ್ ಬೀಡಿನ ಮೇಲೆ ಹತ್ತಿ ಓರೆಯಾಗಿ ಕೂರುತ್ತದೆ. ಬೀಡ್ ಇಲ್ಲದ ಮಾಡೆಲ್‌ನಲ್ಲಿ ಮಾತ್ರ ಅಲ್ಲಿ 2.85 ಮಿ.ಮೀ. ಜಾಗ ಇರುವ ಹಾಗೆ ಕಾಣುತ್ತದೆ. ಬೋಲ್ಟನ್ನು ಮೂಲೆಗಳಿಗೆ, 140 × 140 ಅಂತರಕ್ಕೆ ಹಾಕಿದರೆ ವಾಷರಿಗೂ ಟೋಗೂ ನಡುವೆ ಸುಮಾರು 22 ಮಿ.ಮೀ. ಸಿಗುತ್ತದೆ, ತೂತಿನ ಕೇಂದ್ರದಿಂದ ಪ್ಲೇಟಿನ ಅಂಚಿಗೂ 30 ಉಳಿಯುತ್ತದೆ.

ತುಮಕೂರು_ಡ್ರಾಫ್ಟಿಂಗ್

ರೆವಾಲ್ವ್ ಮಾಡಿದೆ, 4619.5 ಬಂತು. ಹ್ಯಾಚ್ ಕೂಡ ಬೇರೆ ಆಯ್ತು. ಪೀಣ್ಯ ಸರ್, ಹುಬ್ಬಳ್ಳಿ ಸರ್, ಇಬ್ಬರಿಗೂ ಧನ್ಯವಾದ. ಬೋಲ್ಟುಗಳು ಬದಿಯ ಮಧ್ಯದಲ್ಲೇ ಇವೆ, ಮೂಲೆಗೆ ಸರಿಸುತ್ತೇನೆ ಮೇಡಂ.

ಓರೆ ಪೈಪಿಗೆ ರೆವಾಲ್ವ್ ಆಗುವುದಿಲ್ಲವಲ್ಲ. ಫ್ಯೂಸ್ ಮಾಡಿ ಅಂಚಿಗೆ 5ರ ಚಾಂಫರ್ ಕೊಟ್ಟು, ಆಮೇಲೆ ಪೈಪನ್ನೂ ಪ್ಲೇಟನ್ನೂ ಕಳೆದರೆ ಬೀಡ್ ಮಾತ್ರ ಉಳಿಯುತ್ತದೆ ಅಂತ ಒಂದು ಕಡೆ ಓದಿದೆ. ನಡೆಯುತ್ತದಾ?

ಪೀಣ್ಯ_ಫ್ಯಾಬ್

ನೆಟ್ಟಗಿನ ಪೈಪಿಗೆ ಚೆನ್ನಾಗಿ ನಡೆಯುತ್ತದೆ. ಒಂದೇ ಪ್ಲೇಟಿನ ಮೇಲೆ ಬೇರೆ ಬೇರೆ ಅಳತೆಯ ಐದಾರು ಪೈಪು ಇದ್ದಾಗ ರೆವಾಲ್ವ್‌ಗಿಂತ ಬೇಗ ಮುಗಿಯುತ್ತದೆ. ಹೊರಗಿನ ಅಂಚನ್ನು ಮಾತ್ರ ಆಯ್ದುಕೊಳ್ಳಿ, ಪೈಪಿನ ಒಳಗಡೆಯೂ ಒಂದು ಅಂಚು ಇರುತ್ತದೆ. ಪೈಪಿನಿಂದ ಪ್ಲೇಟಿನ ಅಂಚಿಗೆ ಲೆಗ್ಗಿನಷ್ಟು ಜಾಗ ಇಲ್ಲದಿದ್ದರೆ ಚಾಂಫರ್ ಫೇಲ್ ಆಗುತ್ತದೆ. ಅದು ಸಾಫ್ಟ್‌ವೇರಿನ ತಪ್ಪಲ್ಲ, ಅಲ್ಲಿ ವೆಲ್ಡ್ ಹಾಕಲೂ ಜಾಗವಿಲ್ಲ ಅಂತಲೇ ಅರ್ಥ.

ಓರೆ ಪೈಪಿಗೆ ಹುಷಾರು. ಪೈಪು ಬಾಗಿದ ಕಡೆ, ಅಂದರೆ ಇಕ್ಕಟ್ಟಿನ ಬದಿಯಲ್ಲಿ ಪೈಪಿಗೂ ಪ್ಲೇಟಿಗೂ ನಡುವಿನ ಕೋನ 60. ಎದುರಿನ ತೆರೆದ ಬದಿಯಲ್ಲಿ 120. ಎರಡು ಪಕ್ಕಗಳಲ್ಲಿ 90. ಸುತ್ತಲೂ 5 ಲೆಗ್ಗೇ ಹಾಕಿದರೆ ಥ್ರೋಟ್ ಅಂದರೆ ಲೆಗ್ ಗುಣಿಸು ಕೋನದ ಅರ್ಧದ ಕೊಸೈನ್. ಇಕ್ಕಟ್ಟಿನ ಬದಿ 4.33, ಪಕ್ಕದಲ್ಲಿ 3.54, ತೆರೆದ ಬದಿ 2.5. ಕೋಡ್ ಕೇಳುವ ಕನಿಷ್ಠ ಥ್ರೋಟ್ 3 ಮಿ.ಮೀ. ತೆರೆದ ಬದಿ ಅಲ್ಲೇ ಬಿದ್ದುಹೋಯಿತು.

ಕ್ಯಾಡ್‌ನ ರೌಂಡ್ ಫಿಲೆಟ್ ಇನ್ನೂ ಕೆಟ್ಟದು. ಚೆಂಡು ಉರುಳಿದ ಹಾಗೆ ಲೆಕ್ಕ ಹಾಕುವುದರಿಂದ ಇಕ್ಕಟ್ಟಿನ ಬದಿಯಲ್ಲಿ ಲೆಗ್ 8.66 ಆಗಿ ಉಬ್ಬುತ್ತದೆ, ತೆರೆದ ಬದಿಯಲ್ಲಿ 2.89ಕ್ಕೆ ಇಳಿಯುತ್ತದೆ, ಥ್ರೋಟ್ ಬರೀ 0.77. ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ. ಕೆಲವು ಸಾಫ್ಟ್‌ವೇರಿನ ಚಾಂಫರ್ ಕೂಡ ಅಂಚಿನಿಂದ ಅಳೆಯದೆ ಎರಡೂ ಮುಖಗಳನ್ನು ಆಫ್‌ಸೆಟ್ ಮಾಡಿ ಅಳೆಯುತ್ತದೆ. ಅಂಥ ಆಯ್ಕೆಯಲ್ಲೂ ಲೆಗ್ ಇದೇ ರೀತಿ ಉಲ್ಟಾ ಬದಲಾಗುತ್ತದೆ. ಆದ್ದರಿಂದ ಚಾಂಫರ್ ಹಾಕಿದ ಮೇಲೆ ಎರಡು ತುದಿಗಳಲ್ಲಿ ಸೆಕ್ಷನ್ ತೆಗೆದು ಲೆಗ್ ಅಳೆಯದೆ ನಂಬಬೇಡಿ.

ವಿನ್ಯಾಸ_ಮೈಸೂರು

ಹಾಗಾದರೆ ಥ್ರೋಟನ್ನು ಸುತ್ತಲೂ 3.5ಕ್ಕೆ ಕಟ್ಟಿಹಾಕಿ ಲೆಗ್ಗನ್ನು ಬದಲಾಗಲು ಬಿಡಬೇಕು. ಪೈಪಿನ ಸುತ್ತ ಇಕ್ಕಟ್ಟಿನ ಬದಿಯಿಂದ ಎಷ್ಟು ಡಿಗ್ರಿ ತಿರುಗಿದ್ದೇವೋ ಅದರ ಕೊಸೈನಿಗೆ 60ರ ಕೊಸೈನ್ ಗುಣಿಸಿದರೆ ಅಲ್ಲಿನ ಕೋನದ ಕೊಸೈನ್ ಸಿಗುತ್ತದೆ. ಉದಾಹರಣೆಗೆ 45 ಡಿಗ್ರಿ ತಿರುಗಿದಾಗ 0.354, ಅಂದರೆ ಕೋನ 69.3. ಥ್ರೋಟನ್ನು ಆ ಕೋನದ ಅರ್ಧದ ಕೊಸೈನಿನಿಂದ ಭಾಗಿಸಿದರೆ ಲೆಗ್. ಸುತ್ತಿ ಬಂದರೆ ಹೀಗಾಗುತ್ತದೆ: ಇಕ್ಕಟ್ಟಿನ ಬದಿ 4.04, 45ರಲ್ಲಿ 4.25, ಪಕ್ಕದಲ್ಲಿ 4.95, 135ರಲ್ಲಿ 6.16, ತೆರೆದ ಬದಿ 7.0.

ಇದನ್ನು ಸ್ವೀಪ್ ಮಾಡಲು ಹೋದರೆ ತ್ರಿಕೋನದ ಆಕಾರ ಹಾದಿಯುದ್ದಕ್ಕೂ ಬದಲಾಗಬೇಕು, ಗೈಡ್ ಕರ್ವ್ ಬೇಕು, ಸುತ್ತು ಮುಚ್ಚುವ ಜಾಗದಲ್ಲಿ ಸೀಳು ಬರುತ್ತದೆ. ಬೇಡವೇ ಬೇಡ. ಎರಡು ದೀರ್ಘವೃತ್ತಗಳ ನಡುವೆ ಲಾಫ್ಟ್ (ಎರಡು ಆಕಾರಗಳನ್ನು ಜೋಡಿಸುವ ಸಾಲಿಡ್) ಮಾಡಿ ಪೈಪನ್ನು ಕಳೆಯುವುದು ಗಟ್ಟಿ ದಾರಿ. ಈ ಪೈಪಿಗೆ ಅಳತೆಗಳನ್ನು ಲೆಕ್ಕ ಹಾಕಿಯೇ ಕೊಡುತ್ತೇನೆ. ಪೈಪಿನ ಅಕ್ಷ ಪ್ಲೇಟಿನ ಮೇಲ್ಮೈಯನ್ನು ಮುಟ್ಟುವ ಬಿಂದು ಮೂಲಬಿಂದು, ಪೈಪು ಪ್ಲಸ್ ಎಕ್ಸ್ ಕಡೆಗೆ ಬಾಗಿದೆ.

ಪ್ಲೇಟಿನ ಮೇಲೆ ಪೈಪಿನ ಹೆಜ್ಜೆಗುರುತು 132 × 114.3ರ ದೀರ್ಘವೃತ್ತ. ಬೀಡಿನ ಕೆಳಗಿನ ಅಂಚು ಇದಕ್ಕಿಂತ ದೊಡ್ಡದು: ಉದ್ದದ ಅರ್ಧಾಕ್ಷ 71.5, ಅಗಲದ್ದು 62.1, ಕೇಂದ್ರ ಮೈನಸ್ ಎಕ್ಸ್ ಕಡೆಗೆ 1.5 ಸರಿದಿದೆ. ಹೀಗೆ ಸರಿಸುವುದರಿಂದ ಇಕ್ಕಟ್ಟಿನ ಬದಿ 4, ತೆರೆದ ಬದಿ 7 ತಾನಾಗಿ ಸಿಗುತ್ತದೆ. 45 ಮತ್ತು 135ರ ಬಿಂದುಗಳೂ ಈ ದೀರ್ಘವೃತ್ತದ ಮೇಲೇ ಬೀಳುತ್ತವೆ, ವ್ಯತ್ಯಾಸ 0.05 ಮಿ.ಮೀ.ನೊಳಗೆ.

ಮೇಲಿನ ಅಂಚಿಗೆ ಪ್ಲೇಟಿಗೆ ಸಮಾನಾಂತರವಾದ ಪ್ಲೇನ್ ಆಗುವುದಿಲ್ಲ, ಏಕೆಂದರೆ ಬೀಡಿನ ಎತ್ತರ ಒಂದು ಕಡೆ 3.5, ಇನ್ನೊಂದು ಕಡೆ 6.06. ಮೂಲಬಿಂದುವಿನ ಮೇಲೆ 4.95 ಎತ್ತರದಲ್ಲಿ ಹಾದು, ಪ್ಲಸ್ ಎಕ್ಸ್ ಕಡೆಗೆ 1.12 ಡಿಗ್ರಿ ಇಳಿಜಾರಾದ ಡೇಟಮ್ ಪ್ಲೇನ್ ಹಾಕಿ. ಆ ಪ್ಲೇನಿನಲ್ಲಿ ಪೈಪಿನ ಕೊಯ್ತ ಇನ್ನೊಂದು ದೀರ್ಘವೃತ್ತ: ಅರ್ಧಾಕ್ಷಗಳು 65.27 ಮತ್ತು 57.15, ಕೇಂದ್ರ ಪ್ಲಸ್ ಎಕ್ಸ್ ಕಡೆಗೆ 2.83. ಎಲ್ಲೂ ಎತ್ತರ ಕಡಿಮೆ ಬೀಳುವುದಿಲ್ಲ, ಹೆಚ್ಚೆಂದರೆ 0.12 ಮಿ.ಮೀ. ಜಾಸ್ತಿ.

ಈಗ ಪಾರ್ಟ್ ವರ್ಕ್‌ಬೆಂಚಿನ ಲಾಫ್ಟ್‌ನಲ್ಲಿ ಎರಡನ್ನೂ ಕೊಟ್ಟು ಸಾಲಿಡ್, ರೂಲ್ಡ್ ಎರಡಕ್ಕೂ ಟಿಕ್ ಹಾಕಿ. ಸಿಕ್ಕ ಗಟ್ಟಿ ಬಿಲ್ಲೆಯಿಂದ ಪೈಪಿನ ಹೊರವ್ಯಾಸದ ಸಿಲಿಂಡರನ್ನು ಕಟ್ ಮಾಡಿ. ಟೊಳ್ಳು ಪೈಪಲ್ಲ, ಪೂರ್ತಿ ಗಟ್ಟಿ ಸಿಲಿಂಡರ್. ಟೊಳ್ಳು ಪೈಪನ್ನು ಕಳೆದರೆ ಒಳಗೆ ಒಂದು ಬಿಲ್ಲೆ ಉಳಿದುಕೊಳ್ಳುತ್ತದೆ. ಸಿಲಿಂಡರ್ ಎರಡೂ ಕಡೆ ಬಿಲ್ಲೆಯನ್ನು ದಾಟಿ ಚಾಚಿರಬೇಕು.

ಇಲ್ಲಿ ಕೆಡುವ ಜಾಗ ಎರಡು. ಮೇಲಿನ ದೀರ್ಘವೃತ್ತ ಸರಿಯಾಗಿ ಸಿಲಿಂಡರಿನ ಮೈಮೇಲೇ ಇರುವುದರಿಂದ ಕಟ್ ಮಾಡುವಾಗ ಚಾಕುವಿನಂಥ ಅಂಚು ಬಂದು ಬೂಲಿಯನ್ (ಸಾಲಿಡ್‌ಗಳನ್ನು ಕೂಡಿಸಿ ಕಳೆಯುವ ಲೆಕ್ಕ) ಕೆಲವೊಮ್ಮೆ ಸೋಲುತ್ತದೆ. ಅರ್ಧಾಕ್ಷಗಳಿಗೆ 0.02 ಸೇರಿಸಿ 65.29, 57.17 ಮಾಡಿದರೆ ಸರಿಹೋಗುತ್ತದೆ. ಇನ್ನೊಂದು, ದೀರ್ಘವೃತ್ತವನ್ನು ಪೈಪಿನಿಂದ ಸೆಕ್ಷನ್ ತೆಗೆದು ತಂದರೆ ಅದರ ಆರಂಭದ ಬಿಂದು ಸಿಲಿಂಡರಿನ ಸೀಮ್ ಗೆರೆಯ ಮೇಲಿರುತ್ತದೆ. ಕೆಳಗಿನದರ ಆರಂಭ ಬೇರೆ ಕಡೆ ಇದ್ದರೆ ಲಾಫ್ಟ್ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಎರಡನ್ನೂ ಸ್ಕೆಚ್ಚಿನಲ್ಲೇ ಬರೆದು, ಉದ್ದದ ಅಕ್ಷವನ್ನು ಎಕ್ಸ್ ದಿಕ್ಕಿಗೆ ಕಟ್ಟಿದರೆ ಈ ಸಮಸ್ಯೆ ಇಲ್ಲ.

ಕೋಡ್ ಬರೆಯುವವರಿಗೆ ಇನ್ನೊಂದು ವಿಷಯ: ಫ್ರೀಕ್ಯಾಡ್‌ನ ಅಡಿಯಲ್ಲಿರುವ ಓಪನ್ ಕ್ಯಾಸ್ಕೇಡ್ ಕರ್ನಲ್‌ನಲ್ಲಿ ಥ್ರೋಟನ್ನು ಸ್ಥಿರವಾಗಿಡುವ ಚಾಂಫರ್ ವಿಧಾನವೇ ಇದೆ. ಫ್ರೀಕ್ಯಾಡ್‌ನ ಚಾಂಫರ್ ಬಟನ್ನಿನಲ್ಲಿ ಅದು ಸಿಗುವುದಿಲ್ಲ, ಕರ್ನಲನ್ನು ನೇರವಾಗಿ ಕರೆಯಬೇಕು.

ಶಿವಮೊಗ್ಗ_ಇನ್‌ಸ್ಪೆಕ್ಷನ್

60 ಡಿಗ್ರಿ ನಿಮ್ಮ ಅದೃಷ್ಟ, ಸರಿಯಾಗಿ ಗಡಿಯ ಮೇಲಿದೆ. ಐಎಸ್ 800 ಫಿಲೆಟ್ ವೆಲ್ಡಿಗೆ ಕೋನ 60ರಿಂದ 120ರ ನಡುವೆ ಇರಬೇಕು ಅನ್ನುತ್ತದೆ, ಹೊರಗೆ ಹೋದರೆ ಟೆಸ್ಟ್ ಮಾಡಿ ತೋರಿಸಬೇಕು. ಅದೇ ಪೈಪನ್ನು 45ಕ್ಕೆ ಬಾಗಿಸಿದರೆ ಇಕ್ಕಟ್ಟಿನ ಬದಿ 45, ಅಲ್ಲಿ ಎಲೆಕ್ಟ್ರೋಡ್ ರೂಟಿಗೆ, ಅಂದರೆ ಮೂಲೆಯ ತಳಕ್ಕೆ, ತಲುಪುವುದಿಲ್ಲ. ತೆರೆದ ಬದಿ 135, ಅಲ್ಲಿ ಬೀಡು ಸುಮ್ಮನೆ ಹರಡುತ್ತದೆ. ಅಂಥದ್ದಕ್ಕೆ ಪೈಪಿನ ತುದಿಯನ್ನು ಬೆವೆಲ್ ಮಾಡಿ ಗ್ರೂವ್ ವೆಲ್ಡ್ ಆಗಿಯೇ ಮಾಡೆಲ್ ಮಾಡಬೇಕು.

ಥ್ರೋಟ್ ಗುಣಾಂಕಗಳನ್ನೂ ಕೋಡ್ ಕೊಟ್ಟಿದೆ: 60ರಿಂದ 90ರವರೆಗೆ 0.70, 100ರವರೆಗೆ 0.65, 106ರವರೆಗೆ 0.60, 113ರವರೆಗೆ 0.55, 120ರವರೆಗೆ 0.50. ಗಮನಿಸಿ, ಇಕ್ಕಟ್ಟಿನ ಬದಿಯಲ್ಲಿ ಜ್ಯಾಮಿತಿ 0.866 ಕೊಟ್ಟರೂ ಕೋಡ್ 0.70ಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಹಾಗಾಗಿ ಮೇಡಂ ಲೆಕ್ಕದ 4.04 ಲೆಗ್ ಆ ಬದಿಗೆ ಕೋಡಿನ ಪ್ರಕಾರ ಸಾಲದು, 12ರ ಪ್ಲೇಟಿಗೆ ಕನಿಷ್ಠ ಅಳತೆಯೂ 5. ಡ್ರಾಯಿಂಗಿನಲ್ಲಿ ಇಕ್ಕಟ್ಟಿನ ಬದಿ 5, ತೆರೆದ ಬದಿ 7 ಅಂತ ಎರಡು ಬೇರೆ ಬಾಣ ಕೊಟ್ಟು ಬರೆಯಿರಿ. ಮಾಡೆಲ್‌ನಲ್ಲೂ ಹಾಗೆಯೇ ಬೇಕಾದರೆ ಕೆಳಗಿನ ದೀರ್ಘವೃತ್ತದ ಉದ್ದದ ಅರ್ಧಾಕ್ಷ 72, ಸರಿತ 1 ಮಾಡಿ. ಮೇಲಿನ ಪ್ಲೇನಿನ ಇಳಿಜಾರನ್ನೂ ಕಡಿಮೆ ಮಾಡಿ, ಇಕ್ಕಟ್ಟಿನ ಬದಿಯ ಎತ್ತರ 4.33 ಬರಬೇಕು.

ಸಂಕೇತದ ಬಗ್ಗೆ: ಐಎಸ್ಒ 2553 ಪದ್ಧತಿಯಲ್ಲಿ ಅಂಕಿಯ ಮುಂದೆ ಝಡ್ ಇದ್ದರೆ ಲೆಗ್, ಎ ಇದ್ದರೆ ಥ್ರೋಟ್. ಝಡ್ 5 ಅಂದರೆ ಥ್ರೋಟ್ 3.5. ಎ 5 ಅಂದರೆ ಲೆಗ್ 7.07, ಲೋಹ ಸರಿಯಾಗಿ ಎರಡು ಪಟ್ಟು. ಅಕ್ಷರ ಬಿಟ್ಟು ಬರೀ 5 ಬರೆದರೆ ಓದುವವರು ತಮಗೆ ಅಭ್ಯಾಸವಿದ್ದಂತೆ ಹಾಕುತ್ತಾರೆ. ಸುತ್ತಲೂ ವೆಲ್ಡ್ ಅನ್ನಲು ಬಾಣದ ಮುರಿತದಲ್ಲಿ ಸಣ್ಣ ವೃತ್ತ ಬೇಕು. ಟೆಕ್‌ಡ್ರಾನಲ್ಲಿ ಮೊದಲು ಲೀಡರ್ ಲೈನ್ ಹಾಕಿ, ಆಮೇಲೆ ವೆಲ್ಡ್ ಸಿಂಬಲ್ ತೆರೆದು ಅದಕ್ಕೆ ಟಿಕ್ ಮಾಡಿ. ಓರೆ ಪೈಪಿಗೆ ಈ ವೃತ್ತ ಹಾಕಬೇಡಿ, ಲೆಗ್ ಸುತ್ತಲೂ ಒಂದೇ ಅಲ್ಲ.

ಕುಡ್ಲ_ಎಫ್‌ಇಎ

ಇದೇ ಮಾಡೆಲನ್ನು ಅನಾಲಿಸಿಸ್‌ಗೆ ಕೊಡುವ ಅಂದಾಜು ಉಂಟಾ? ಉಂಟಾದರೆ ಒಂದು ದೊಡ್ಡ ಗುಂಡಿ ಉಂಟು, ಈಗಲೇ ಹೇಳಿಬಿಡ್ತೇನೆ. ಪೈಪಿನ ತುದಿ ಪ್ಲೇಟಿಗೆ ತಾಗಿ ಕೂತಿದೆ. ಹೆಚ್ಚಿನ ಸಾಫ್ಟ್‌ವೇರುಗಳು ತಾಗಿದ್ದನ್ನೆಲ್ಲ ಬಾಂಡೆಡ್ ಅಂತ ತಾವೇ ಅಂಟಿಸಿಬಿಡ್ತವೆ. ಆಗ ಲೋಡ್ ಬೀಡಿನ ಮೂಲಕ ಹೋಗುವುದೇ ಇಲ್ಲ, 5.4 ದಪ್ಪದ ಪೈಪಿನ ತುದಿಯಿಂದ ನೇರ ಪ್ಲೇಟಿಗೆ ಇಳಿಯುತ್ತದೆ. ವೆಲ್ಡಿನ ಸ್ಟ್ರೆಸ್ ಚಂದ ಕಡಿಮೆ ತೋರಿಸುತ್ತದೆ, ಎಲ್ಲರಿಗೂ ಖುಷಿ, ಆದರೆ ಲೆಕ್ಕ ಸುಳ್ಳು. ಪೈಪಿನ ತುದಿಗೂ ಪ್ಲೇಟಿಗೂ ನಡುವೆ ಬಾಂಡ್ ತೆಗೆದು ಬರೀ ಕಾಂಟ್ಯಾಕ್ಟ್ ಕೊಡಿ. ಬೀಡ್ ಮಾತ್ರ ಎರಡಕ್ಕೂ ಬಾಂಡ್ ಆಗಲಿ.

ಟೋ ಹತ್ತಿರ ಮೆಶ್ ಸಣ್ಣ ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಅಲ್ಲಿ ಚೂಪು ಮೂಲೆ ಉಂಟಲ್ಲ. ಆ ಅಂಕಿಯನ್ನು ರಿಪೋರ್ಟಿಗೆ ಹಾಕುವುದರಲ್ಲಿ ಅರ್ಥ ಇಲ್ಲ. ಫಟೀಗ್ (ಮತ್ತೆ ಮತ್ತೆ ಬರುವ ಲೋಡಿಗೆ ಬಿರುಕು ಬಿಡುವುದು) ನೋಡುವುದಾದರೆ ಹಾಟ್ ಸ್ಪಾಟ್ ವಿಧಾನ: ಟೋದಿಂದ ದಪ್ಪದ 0.4 ಪಾಲು ದೂರದ ಸ್ಟ್ರೆಸ್ಸಿಗೆ 1.67 ಗುಣಿಸಿ, ಒಂದು ಪಾಲು ದೂರದ್ದಕ್ಕೆ 0.67 ಗುಣಿಸಿ ಕಳೆಯುವುದು. ಇದಕ್ಕೆ ಮೆಶ್ಶಿನ ನೋಡ್ ಸರಿಯಾಗಿ ಅಲ್ಲೇ ಬರಬೇಕು, ಆದ್ದರಿಂದ ಕ್ಯಾಡ್‌ನಲ್ಲೇ ಮುಖವನ್ನು ಸೀಳಿ ಕೊಡಿ. ನೆಟ್ಟಗಿನ ಪೈಪಿಗೆ ಪ್ಲೇಟಿನ ಮೇಲೆ 66.95 ಮತ್ತು 74.15 ತ್ರಿಜ್ಯದ ಎರಡು ವೃತ್ತ. ಪೈಪಿನ ಮೇಲೆ ತಳದಿಂದ 19.16 ಮತ್ತು 22.4 ಎತ್ತರದಲ್ಲಿ ಎರಡು ಸುತ್ತುಗೆರೆ. ಈ ನಾಲ್ಕು ಗೆರೆ ಹಾಕಿ ಕೊಟ್ಟರೆ ಮೆಶ್ ಮಾಡುವವರಿಗೆ ಅರ್ಧ ದಿನದ ಕೆಲಸ ಉಳಿಯಿತು ಮಾರಾಯ್ರೆ. ಥ್ರೋಟಿನ ಅಡ್ಡಕ್ಕೆ ಕನಿಷ್ಠ ಎರಡು ಕ್ವಾಡ್ರಾಟಿಕ್ ಎಲಿಮೆಂಟ್ ಇರಲಿ. ಉಬ್ಬು, ಅಲೆ ಯಾವುದೂ ಬೇಡ, ಚಪ್ಪಟೆ ತ್ರಿಕೋನವೇ ಸಾಕು.

ತುಮಕೂರು_ಡ್ರಾಫ್ಟಿಂಗ್

ಓರೆ ಪೈಪು ಆಯ್ತು, 65.29 ಹಾಕಿದ ಮೇಲೆ ಕಟ್ ಒಂದೇ ಸಲಕ್ಕೆ ಬಂತು. ಶಿವಮೊಗ್ಗ ಸರ್ ಹೇಳಿದ ಹಾಗೆ 72 ಮತ್ತು 1 ಹಾಕಿ ಇಕ್ಕಟ್ಟಿನ ಬದಿ 5 ಮಾಡಿದ್ದೇನೆ. ಕೊನೆಯ ಮೂರು ಪ್ರಶ್ನೆ: ಪೈಪಿನ ತುದಿ ಕಟಿಂಗ್ ಸರಿ ಇಲ್ಲದೆ ಅಡಿಯಲ್ಲಿ ಗ್ಯಾಪ್ ಬಂದರೆ ಮಾಡೆಲ್‌ನಲ್ಲಿ ತೋರಿಸಬೇಕಾ? ಬೀಡಿನ ಮೇಲಿನ ಅಲೆಗಳನ್ನು ತೋರಿಸಲು ಗ್ರಾಹಕರು ಕೇಳುತ್ತಿದ್ದಾರೆ. ಮತ್ತೆ ಪಾರ್ಟ್ಸ್ ಲಿಸ್ಟಿನಲ್ಲಿ ಬೀಡು ಒಂದು ಐಟಂ ಆಗಿ ಬರುತ್ತಿದೆ.

ಶಿವಮೊಗ್ಗ_ಇನ್‌ಸ್ಪೆಕ್ಷನ್

ಗ್ಯಾಪ್ ಮಾಡೆಲ್‌ನಲ್ಲಿ ಬೇಡ, ನೋಟ್‌ನಲ್ಲಿ ಬರೆಯಿರಿ. ಅಮೆರಿಕದ ವೆಲ್ಡಿಂಗ್ ಕೋಡ್ ಎಡಬ್ಲ್ಯೂಎಸ್ ಡಿ1.1ರ ನಿಯಮ ಸರಳ: ರೂಟ್ ಗ್ಯಾಪ್ 2 ಮಿ.ಮೀ. ದಾಟಿದರೆ ಗ್ಯಾಪ್ ಎಷ್ಟಿದೆಯೋ ಅಷ್ಟನ್ನು ಲೆಗ್ಗಿಗೆ ಸೇರಿಸಬೇಕು, 5 ದಾಟುವಂತಿಲ್ಲ. ಕಾರಣ ಕಣ್ಣಿಗೇ ಕಾಣುವಂಥದ್ದು. ಪೈಪು 3 ಮಿ.ಮೀ. ಎತ್ತರದಲ್ಲಿ ನಿಂತಿದ್ದರೆ ಗೇಜ್ ಪ್ಲೇಟಿನಿಂದ 5 ತೋರಿಸುತ್ತದೆ, ಆದರೆ ಪೈಪನ್ನು ಹಿಡಿದಿರುವುದು ಅದರಲ್ಲಿ 2 ಮಾತ್ರ. ಪೈಪು ಪ್ಲೇಟಿನ ತೂತಿನೊಳಗೆ ಹೋಗುವ ವಿನ್ಯಾಸವಾದರೆ ಮಾತ್ರ ಕ್ಲಿಯರೆನ್ಸ್ ಮಾಡೆಲ್‌ನಲ್ಲಿ ಇರಲೇಬೇಕು. ಬದಿಗೆ 1 ಮಿ.ಮೀ. ಕ್ಲಿಯರೆನ್ಸ್ ಇದ್ದು ಲೆಗ್ 5 ಅಂದರೆ ಪ್ಲೇಟಿನ ಮೇಲೆ ಬೀಡು ಕೂರುವುದು 4.

ವಿನ್ಯಾಸ_ಮೈಸೂರು

ಅಲೆಗಳನ್ನು ಜ್ಯಾಮಿತಿಯಾಗಿ ಮಾಡಬೇಡಿ. 2.5 ಮಿ.ಮೀ.ಗೊಂದು ಅಂದರೂ ಒಂದೇ ಪೈಪಿಗೆ 144 ಅಲೆ, ಡ್ರಾಯಿಂಗಿನಲ್ಲಿ ಅವು ಕಪ್ಪು ಮಸಿಯಾಗಿ ಬೀಳುತ್ತವೆ. ಗ್ರಾಹಕರಿಗೆ ಚಿತ್ರ ಬೇಕಾದರೆ ಚಪ್ಪಟೆ ಬೀಡನ್ನೇ ಬ್ಲೆಂಡರಿಗೆ ಕಳಿಸಿ ಮುಖಕ್ಕೆ ಬಂಪ್ ಮ್ಯಾಪ್ ಹಚ್ಚಿ.

ಪಾರ್ಟ್ಸ್ ಲಿಸ್ಟಿಗೆ: ಬೀಡುಗಳನ್ನೆಲ್ಲ ಪ್ರತ್ಯೇಕ ಗ್ರೂಪಿಗೆ ಸರಿಸಿ, ಲಿಸ್ಟ್ ತೆಗೆಯುವಾಗ ಆ ಗ್ರೂಪನ್ನು ಹೊರಗಿಡಿ. ಹೊರಗಿನ ಲೇಸರ್ ಕಟಿಂಗ್‌ನವರಿಗೆ ಸ್ಟೆಪ್ ಕಳಿಸುವಾಗಲೂ ಅದೇ ಗ್ರೂಪ್ ಬಿಟ್ಟು ಕಳಿಸಿ.

ಹುಬ್ಬಳ್ಳಿ_ಎಸ್ಟಿಮೇಟ್

ಲಿಸ್ಟಿಂದ ತಗದ್ರೂ ಒಟ್ಟು ತೂಕದ ಸಾಲಿನ್ಯಾಗ ಬೀಡಿನ ಗ್ರಾಂ ಸೇರಿಸೋದು ಮರೀಬ್ಯಾಡ್ರಿ. ಅದಕ್ಕ ಉಬ್ಬಿದ ಮಾಡೆಲ್‌ನ 50 ಗ್ರಾಂ ಹಾಕ್ರಿ, ಚಪ್ಪಟಿದು 36 ಅಲ್ಲ.